ತಗಡಿನ ಫಾಯಿಲ್, ಸಂಚು ಕೆಡಿಸುವ ಫಾಯಿಲ್

ಪ್ರಶ್ನೆ: ಕಳ್ಳಬೇಟೆಯ ಯತ್ನವೊಂದನ್ನು ಅರಣ್ಯ ಸಿಬ್ಬಂದಿ ತಡೆದ ಸುದ್ದಿಗೆ ಇಂಗ್ಲಿಷ್ ಪತ್ರಿಕೆಯೊಂದು ‘ಫಾಯಿಲ್’ ಎಂಬ ಕ್ರಿಯಾಪದವನ್ನು ಬಳಸಿತ್ತು. ಅದನ್ನು ಓದಿದ ನನ್ನ ಮಗಳು (ದ್ವಿತೀಯ ಪಿಯುಸಿ), ಬುತ್ತಿಗೆ ಅಕ್ಕಿರೊಟ್ಟಿ ಸುತ್ತುವ ಫಾಯಿಲ್‌ಗೂ ಇದಕ್ಕೂ ಏನು ಸಂಬಂಧ ಎಂದು ಕೇಳಿದಳು. ತಗಡಿನ ಹಾಳೆಯಲ್ಲಿ ಸುತ್ತಿ ಮುಚ್ಚಿದಂತೆ ಸಂಚನ್ನು ಮುಚ್ಚಿಹಾಕುವುದರಿಂದ ಆ ಅರ್ಥ ಬಂದಿದೆ ಎಂದು ಅವಳ ಮನೆಪಾಠದ ಮೇಷ್ಟ್ರು ಹೇಳಿದರಂತೆ. ಇದು ಸರಿಯೇ? ‘ಥ್ವಾರ್ಟ್’ ಎಂಬ ಇನ್ನೊಂದು ಪದಕ್ಕೂ ಇದಕ್ಕೂ ಇರುವ ವ್ಯತ್ಯಾಸವೇನು? ಕನ್ನಡದಲ್ಲಿ ಏನೆಂದು ಬರೆಯಬೇಕು? — ಓದುಗರು, ಗೋಣಿಕೊಪ್ಪ

ಉತ್ತರ: ಸಂಬಂಧವಿಲ್ಲ ಎಂಬುದೇ ನಿಮ್ಮ ಮಗಳಿಗೆ ಮೊದಲು ಹೇಳಬೇಕಾದ ಉತ್ತರ. ರೊಟ್ಟಿ ಸುತ್ತುವ ಫಾಯಿಲ್ ಲ್ಯಾಟಿನ್ ಭಾಷೆಯಲ್ಲಿ ‘ಎಲೆ’ ಎಂಬ ಅರ್ಥವಿರುವ ಶಬ್ದದಿಂದ ಬಂದದ್ದು. ಸಂಚು ಕೆಡಿಸುವ ಫಾಯಿಲ್, ಬಟ್ಟೆಯನ್ನು ಕಾಲಿನಿಂದ ತುಳಿದು ಹದಮಾಡುತ್ತಿದ್ದ ಕಸುಬುದಾರನ ಲ್ಯಾಟಿನ್ ಹೆಸರಿನಿಂದ ಬಂದದ್ದು. ಒಂದರ ಮೂಲ ಗಿಡದಲ್ಲಿದೆ, ಇನ್ನೊಂದರ ಮೂಲ ಪಾದದಲ್ಲಿದೆ. ಎರಡೂ ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬರುವ ದಾರಿಯಲ್ಲಿ ಸವೆದು, ಕೊನೆಗೆ ಒಂದೇ ಉಚ್ಚಾರಣೆ ಮತ್ತು ಒಂದೇ ಕಾಗುಣಿತಕ್ಕೆ ಬಂದು ನಿಂತವು. ಮೇಷ್ಟ್ರು ಕೊಟ್ಟ ವಿವರಣೆ ನೆನಪಿನಲ್ಲಿ ಉಳಿಯುವಂಥದ್ದು, ಆದರೆ ಸರಿಯಲ್ಲ. ಅದು ಏಕೆ ಸರಿಯಲ್ಲ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಈ ಕ್ರಿಯಾಪದದ ನಿಜವಾದ ಹಾದಿ ಬೇಟೆಯ ಕಾಡಿನೊಳಗಿಂದ ಹಾದುಬರುತ್ತದೆ, ಮತ್ತು ಅದನ್ನು ಕೊಡಗಿನವರಿಗೆ ಮನದಟ್ಟು ಮಾಡಿಸುವುದು ಬಹುಶಃ ಬೇರೆ ಯಾವ ಊರಿನವರಿಗಿಂತಲೂ ಸುಲಭ.

ಮೊದಲು ಎಲೆಯ ವಿಷಯವನ್ನು ನೋಡೋಣ. ಲ್ಯಾಟಿನ್ನಿನ ‘ಫೋಲಿಯಮ್’ ಎಂದರೆ ಎಲೆ. ಅದು ಹಳೆಯ ಫ್ರೆಂಚಿಗೆ ಬಂದಾಗ ಮರದ ಎಲೆ, ಕಾಗದದ ಹಾಳೆ, ಲೋಹದ ತೆಳು ತಗಡು, ಈ ಮೂರಕ್ಕೂ ಹೆಸರಾಯಿತು. ಇಂಗ್ಲಿಷಿನಲ್ಲಿ 14ನೆಯ ಶತಮಾನದ ಆರಂಭದ ಹೊತ್ತಿಗೆ ಲೋಹದ ತೆಳು ಹಾಳೆ ಎಂಬ ಅರ್ಥದಲ್ಲಿ ಫಾಯಿಲ್ ಬಳಕೆಯಲ್ಲಿತ್ತು. ಎಲೆ ಎಂಬ ಮಾತು ಹಾಳೆಗೂ ತಗಡಿಗೂ ಹಬ್ಬಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ; ನಮ್ಮ ಭಾಷೆಯೂ ಅದನ್ನೇ ಮಾಡಿದೆ. ಅಡಿಕೆ ಮರದಿಂದ ಕಳಚಿ ಬೀಳುವುದೂ ಹಾಳೆ, ಮಕ್ಕಳು ಬರೆಯುವ ಪುಸ್ತಕದಲ್ಲಿರುವುದೂ ಹಾಳೆ. ಸಂಸ್ಕೃತದ ‘ಪತ್ರ’ ಎಂದರೆ ಮೂಲತಃ ಎಲೆ. ಬಿಲ್ವಪತ್ರೆಯಲ್ಲಿ ಆ ಅರ್ಥ ಇಂದಿಗೂ ಹಾಗೆಯೇ ಉಳಿದಿದೆ, ಅಂಚೆಯಲ್ಲಿ ಬರುವ ಪತ್ರದಲ್ಲಿ ಅದು ಮರೆತುಹೋಗಿದೆ. ಓಲೆ ಎಂಬುದೂ ಹೀಗೆಯೇ ತಾಳೆಯ ಗರಿಯಿಂದ ಹೊರಟು ಕಾಗದಕ್ಕೂ ಕಿವಿಯ ಒಡವೆಗೂ ಹೆಸರಾಯಿತು. ರಾಜಶಾಸನಗಳನ್ನು ಕೊರೆದ ತಾಮ್ರಪತ್ರವನ್ನು ಪದಶಃ ಬಿಡಿಸಿದರೆ ತಾಮ್ರದ ಎಲೆ ಎಂದೇ ಆಗುತ್ತದೆ. ಗಂಗರ ಅವಿನೀತನ ಹೆಸರಿನಲ್ಲಿರುವ ಮಡಿಕೇರಿಯ ತಾಮ್ರಶಾಸನವನ್ನು ಕೊಡಗಿನ ಇತಿಹಾಸ ಓದಿದವರು ಬಲ್ಲರು. ಅದರ ಕಾಲದ ಬಗ್ಗೆ ವಿದ್ವಾಂಸರ ನಡುವೆ ಚರ್ಚೆಯಿದ್ದರೂ, ಲೋಹದ ಹಾಳೆಯನ್ನು ಎಲೆಯೆಂದು ಕರೆಯುವ ನಮ್ಮ ಅಭ್ಯಾಸಕ್ಕೆ ಅದಕ್ಕಿಂತ ಹತ್ತಿರದ ಉದಾಹರಣೆ ನನಗೆ ಬೇಕಿಲ್ಲ.

ಫೋಲಿಯಮ್ಮಿನ ಬಳಗ ದೊಡ್ಡದು. ಮಂತ್ರಿಗಳ ಖಾತೆಗೂ ಹೂಡಿಕೆದಾರರ ಷೇರುಗಳ ಕಂತೆಗೂ ಹೇಳುವ ಪೋರ್ಟ್‌ಫೋಲಿಯೊ, ಮೂಲದಲ್ಲಿ ಹಾಳೆಗಳನ್ನು ಹೊತ್ತೊಯ್ಯುವ ಚೀಲ. ಬ್ಯಾಂಕಿನಲ್ಲಿ ಹಣ ಕಟ್ಟಿದಾಗ ನಮ್ಮ ಕೈಯಲ್ಲಿ ಉಳಿಯುವ ಕೌಂಟರ್‌ಫಾಯಿಲ್ ಎದುರು-ಹಾಳೆ. ಅದರಲ್ಲಿರುವ ಫಾಯಿಲ್ ಎಲೆಯ ಕಡೆಯದೇ ಹೊರತು ಸಂಚು ಕೆಡಿಸುವ ಕಡೆಯದಲ್ಲ. ವಿಮಾನದ ರೆಕ್ಕೆಯ ಆಕಾರವನ್ನು ಹೇಳುವ ಏರೋಫಾಯಿಲ್ ಕೂಡ ಎಲೆಯ ವಂಶದ್ದೇ. ಅಡುಗೆಮನೆಯ ಫಾಯಿಲ್ ಮೊದಲು ತವರದಿಂದ ಆಗುತ್ತಿತ್ತು. ಅಲ್ಯೂಮಿನಿಯಂ ಫಾಯಿಲ್ ತಯಾರಿಕೆ ಸ್ವಿಟ್ಜರ್ಲೆಂಡಿನಲ್ಲಿ 1910ರ ಹೊತ್ತಿಗೆ ಆರಂಭವಾಗಿ, ಕ್ರಮೇಣ ತವರವನ್ನು ಹಿಂದಕ್ಕೆ ಹಾಕಿತು. ಆದರೂ ಹಳೆಯ ಹೆಸರಿನ ಬಲ ಎಷ್ಟೆಂದರೆ, ಇಂಗ್ಲಿಷ್ ಮಾತನಾಡುವ ಅನೇಕರು ಈಗಲೂ ಅಲ್ಯೂಮಿನಿಯಂ ಹಾಳೆಯನ್ನು ‘ಟಿನ್ ಫಾಯಿಲ್’ ಎನ್ನುತ್ತಾರೆ. ಸಾಮಾನ್ಯವಾಗಿ 0.2 ಮಿಲಿಮೀಟರಿಗಿಂತ ತೆಳ್ಳಗಿರುವ ಅಲ್ಯೂಮಿನಿಯಂ ಹಾಳೆಗೆ ಈ ಹೆಸರು ಸಲ್ಲುತ್ತದೆ. ನಮ್ಮ ಅಂಗಡಿಗಳಲ್ಲಿ ಅದನ್ನು ‘ಸಿಲ್ವರ್ ಪೇಪರ್’ ಎಂದು ಕೇಳುವುದೇ ಹೆಚ್ಚು. ಹಿಂದೆ ನಮ್ಮ ಮನೆಗಳಲ್ಲಿ ಬುತ್ತಿಯನ್ನು ಬಾಳೆಎಲೆಯಲ್ಲಿ ಕಟ್ಟುತ್ತಿದ್ದರು, ಈಗ ಫಾಯಿಲ್‌ನಲ್ಲಿ ಸುತ್ತುತ್ತಾರೆ. ಪದದ ಮೂಲವನ್ನು ಬಲ್ಲವರಿಗೆ ಇದು ಎಲೆಯಿಂದ ಎಲೆಗೆ ಆದ ಬದಲಾವಣೆಯಷ್ಟೆ.

ಇದೇ ತಗಡಿನಿಂದ ಇನ್ನೊಂದು ಸೊಗಸಾದ ಅರ್ಥ ಹುಟ್ಟಿದೆ. ಒಡವೆಯಲ್ಲಿ ಹರಳನ್ನು ಕೂರಿಸುವಾಗ ಅದರ ಹಿಂಭಾಗಕ್ಕೆ ಹೊಳೆಯುವ ತೆಳು ತಗಡನ್ನು ಇಟ್ಟರೆ, ಒಳಗೆ ಹೋದ ಬೆಳಕು ತಿರುಗಿ ಹೊರಬಂದು ಹರಳಿನ ಕಾಂತಿ ಇಮ್ಮಡಿಸಿದಂತೆ ಕಾಣುತ್ತದೆ. ಕುಂದಣದ ಕೆಲಸದಲ್ಲಿ ಈ ಪದ್ಧತಿ ಇಂದಿಗೂ ಇದೆ. ಕನ್ನಡದಲ್ಲಿ ಅಂಥ ಮಿರುಗುವ ತಗಡಿಗೆ ‘ಬೇಗಡೆ’ ಎಂಬ ಹಳೆಯ ಹೆಸರಿದೆ. ಯುರೋಪಿನ ಅಕ್ಕಸಾಲಿಗರೂ ಹೀಗೆ ಮಾಡುತ್ತಿದ್ದುದರಿಂದ, 16ನೆಯ ಶತಮಾನದ ಕೊನೆಯ ಹೊತ್ತಿಗೆ ‘ಇನ್ನೊಬ್ಬರ ಗುಣ ಎದ್ದುಕಾಣುವಂತೆ ಹಿನ್ನೆಲೆಯಾಗಿ ನಿಲ್ಲುವ ವ್ಯಕ್ತಿ’ ಎಂಬ ಅರ್ಥ ಫಾಯಿಲ್‌ಗೆ ಬಂತು. ಕಥೆ, ನಾಟಕಗಳ ವಿಮರ್ಶೆಯಲ್ಲಿ ಒಂದು ಪಾತ್ರ ಇನ್ನೊಂದರ ಫಾಯಿಲ್ ಎಂದು ಬರೆದಿದ್ದರೆ ಅದನ್ನು ಶತ್ರು ಎಂದಾಗಲಿ, ಯೋಜನೆ ಕೆಡಿಸಿದವನು ಎಂದಾಗಲಿ ತಿಳಿಯಬಾರದು. ಅದು ಹರಳಿನ ಹಿಂದಿನ ಬೇಗಡೆ. ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ಎಡವುವ ಜಾಗ ಇದು, ಆದ್ದರಿಂದ ನಿಮ್ಮ ಮಗಳಿಗೆ ವಿಶೇಷವಾಗಿ ಹೇಳಿ.

ಈಗ ಕ್ರಿಯಾಪದಕ್ಕೆ ಬರೋಣ. ಲ್ಯಾಟಿನ್ನಿನಲ್ಲಿ ‘ಫುಲ್ಲೊ’ ಎಂದರೆ ಬಟ್ಟೆಯನ್ನು ತೊಟ್ಟಿಯಲ್ಲಿ ನೆನೆಹಾಕಿ, ಅದರೊಳಗೆ ನಿಂತು ಕಾಲಿನಿಂದ ತುಳಿತುಳಿದು ಕೊಳೆ ತೆಗೆಯುವ ಮತ್ತು ನೇಯ್ಗೆಯನ್ನು ಗಟ್ಟಿಮಾಡುವ ಕಸುಬಿನವನು. ಪ್ರಾಚೀನ ರೋಮಿನ ಊರುಗಳಲ್ಲಿ ಇದೊಂದು ದೊಡ್ಡ ಉದ್ಯೋಗವಾಗಿತ್ತು. ಕೊಳೆ ಬಿಡಿಸಲು ಹಳೆಯ ಮೂತ್ರವನ್ನು ಬಳಸುತ್ತಿದ್ದರು, ಏಕೆಂದರೆ ಅದರಲ್ಲಿರುವ ಅಮೋನಿಯ ಜಿಡ್ಡನ್ನು ಕರಗಿಸುತ್ತದೆ. ಈ ಹೆಸರಿನಿಂದ ‘ತುಳಿ’ ಎಂಬ ಕ್ರಿಯಾಪದ ಆಡುಮಾತಿನ ಲ್ಯಾಟಿನ್ನಿನಲ್ಲಿ ಹುಟ್ಟಿ, ಹಳೆಯ ಫ್ರೆಂಚಿಗೆ ಇಳಿಯಿತು. ಇಂದಿನ ಫ್ರೆಂಚಿನಲ್ಲಿಯೂ ‘ಫೂಲೇ’ ಎಂದರೆ ತುಳಿಯುವುದು. ದ್ರಾಕ್ಷಿಯನ್ನು ತುಳಿದು ರಸ ತೆಗೆಯುವುದಕ್ಕೂ ಆ ಮಾತು ಸಲ್ಲುತ್ತದೆ, ಮತ್ತು ಜನಜಂಗುಳಿಗೆ ಹೇಳುವ ‘ಫೂಲ್’ ಎಂಬ ನಾಮಪದ ಅದರಿಂದಲೇ ಆದದ್ದು. ಕಾಲಿಗೆ ಕಾಲು ತಾಗುವಷ್ಟು, ಒಬ್ಬರನ್ನೊಬ್ಬರು ತುಳಿಯುವಷ್ಟು ಸೇರಿದ ಜನ ಎಂಬ ಭಾವನೆ ಅದರಲ್ಲಿದೆ. ಇಂಗ್ಲಿಷಿನಲ್ಲಿ ಬಟ್ಟೆ ತುಳಿಯುವವನಿಗೆ ‘ಫುಲ್ಲರ್’ ಎಂಬ ಹೆಸರು ಉಳಿಯಿತು. ಆ ದೇಶದ ಮನೆತನದ ಹೆಸರುಗಳಾದ ಫುಲ್ಲರ್, ವಾಕರ್, ಟಕರ್ ಮೂರೂ ಇದೇ ಕಸುಬನ್ನು ಸೂಚಿಸುತ್ತವೆ. ವಾಕರ್ ಎಂದರೆ ಇಲ್ಲಿ ದಾರಿಹೋಕನಲ್ಲ, ಬಟ್ಟೆಯ ಮೇಲೆ ನಡೆಯುವವನು.

ತುಳಿಯುವುದರಿಂದ ಸೋಲಿಸುವುದಕ್ಕೆ ಅರ್ಥ ಹೇಗೆ ಜಾರಿತು ಎಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಣದಲ್ಲಿ ಎತ್ತು, ಎಮ್ಮೆಗಳಿಂದ ಭತ್ತ ತುಳಿಸುತ್ತಿದ್ದ ಕಾಲವನ್ನು ಕಂಡವರು ಇನ್ನೂ ಇದ್ದಾರೆ. ಅದೇ ತುಳಿ ಎಂಬ ಮಾತು ‘ಅವನನ್ನು ಮೇಲೆ ಬರಲು ಬಿಡದೆ ತುಳಿದರು’ ಎನ್ನುವಾಗ ಪಾದವನ್ನೂ ನೆಲವನ್ನೂ ಬಿಟ್ಟು ಸಮಾಜದ ಮಾತಾಗುತ್ತದೆ. ತುಳಿತಕ್ಕೊಳಗಾದವರು ಎಂಬ ಪದ ನಮ್ಮ ಪತ್ರಿಕೆಗಳಲ್ಲಿ ದಿನವೂ ಬರುತ್ತದೆ. ಹಳೆಯ ಫ್ರೆಂಚಿನಲ್ಲಿಯೂ ತುಳಿ ಎಂಬ ಕ್ರಿಯಾಪದ ಹಿಂಸಿಸು, ಮೋಸಗೊಳಿಸು, ಮೇಲುಗೈ ಸಾಧಿಸು ಎಂಬ ಅರ್ಥಗಳಿಗೆ ಬೆಳೆದಿತ್ತು. ಆದರೆ ಇಂಗ್ಲಿಷಿನ ಫಾಯಿಲ್ ಈ ನೇರ ದಾರಿಯನ್ನಷ್ಟೇ ಹಿಡಿಯಲಿಲ್ಲ. ಸುಮಾರು 1300ರ ಹೊತ್ತಿಗೆ ಅದು ಇಂಗ್ಲಿಷಿನಲ್ಲಿ ಕಾಣಿಸಿಕೊಂಡದ್ದೇ ಬೇಟೆಯ ಪರಿಭಾಷೆಯಾಗಿ, ಮತ್ತು ನನಗೆ ಇಡೀ ವಿಷಯದ ಜೀವಾಳವಾಗಿ ತೋರುವುದು ಇದೇ.

ನಾಯಿಗಳನ್ನು ಬಿಟ್ಟು ಜಿಂಕೆಯನ್ನೋ ನರಿಯನ್ನೋ ಅಟ್ಟುವ ಬೇಟೆಯಲ್ಲಿ ನಾಯಿಗೆ ಮುಖ್ಯ ಆಧಾರ ಪ್ರಾಣಿಯ ಹೆಜ್ಜೆಯಲ್ಲಿ ಉಳಿದ ವಾಸನೆ. ಆ ಜಾಡಿನ ಮೇಲೆ ಬೇರೆ ಪ್ರಾಣಿ ಅಡ್ಡ ಹಾದುಹೋದರೆ, ದನಕುರಿಗಳ ಮಂದೆ ತುಳಿದುಹೋದರೆ, ಅಥವಾ ಓಡುತ್ತಿರುವ ಪ್ರಾಣಿಯೇ ಬಂದ ದಾರಿಯಲ್ಲಿ ಹಿಂದಿರುಗಿ ತನ್ನದೇ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟರೆ, ವಾಸನೆ ಕಲಸಿಹೋಗುತ್ತದೆ. ನಾಯಿ ಅಲ್ಲಿಯೇ ಸುತ್ತುತ್ತಾ ನಿಲ್ಲುತ್ತದೆ. ಹೀಗೆ ತುಳಿದು ಜಾಡು ಕೆಡಿಸುವುದಕ್ಕೆ ಇಂಗ್ಲಿಷ್ ಬೇಟೆಗಾರರು ಫಾಯಿಲ್ ಎಂದರು. ಜಾನುವಾರು ತುಳಿದು ವಾಸನೆ ಕೆಟ್ಟ ನೆಲ ಅವರ ಬಾಯಲ್ಲಿ ‘ಫಾಯಿಲ್ ಆದ ನೆಲ’. ಪ್ರಾಣಿ ಬಿಟ್ಟುಹೋದ ಜಾಡಿಗೂ ಫಾಯಿಲ್ ಎಂಬ ನಾಮಪದ ಬಳಕೆಗೆ ಬಂತು. ಬಂದ ಜಾಡಿನಲ್ಲಿಯೇ ಪ್ರಾಣಿ ಮರಳಿ ಓಡಿದರೆ ಅದು ‘ಫಾಯಿಲ್ ಓಡಿತು’ ಎನ್ನುತ್ತಿದ್ದರು. ಗಮನಿಸಿ, ಇಲ್ಲಿ ಬೇಟೆಗಾರನನ್ನು ಯಾರೂ ಹೊಡೆದು ಕೆಡವಿಲ್ಲ, ಎದುರು ನಿಂತು ತಡೆದಿಲ್ಲ. ಅವನು ನಂಬಿಕೊಂಡಿದ್ದ ಸುಳಿವನ್ನು ಮಾತ್ರ ಅವನ ಕೈಯಿಂದ ತಪ್ಪಿಸಲಾಗಿದೆ. ಅವನ ನಾಯಿ ಇದೆ, ಕಾಲಿನಲ್ಲಿ ಕಸುವು ಇದೆ, ಬೇಟೆ ಮಾತ್ರ ಕೈಗೂಡಲಿಲ್ಲ. ಇಂದಿನ ಪತ್ರಿಕೆಯ ಫಾಯಿಲ್‌ನಲ್ಲಿರುವ ನವಿರಾದ ಛಾಯೆ ಇಲ್ಲಿಂದಲೇ ಬಂದದ್ದು.

ಕೊಡಗಿನಲ್ಲಿ ಬೇಟೆ ಈಗ ನೆನಪಿನ ವಿಷಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ, ಕೈಲ್ ಮುಹೂರ್ತದಂದು ಕೋವಿಗೆ ಪೂಜೆ ಸಲ್ಲಿಸಿ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವುದರಲ್ಲಿಯೇ ಆ ಪರಂಪರೆ ಉಳಿದಿದೆ. ಹಾಗಿದ್ದರೂ ಜಾಡು ಎಂಬ ಪದದ ತೂಕ ಇಲ್ಲಿನವರಿಗೆ ಇನ್ನೂ ಗೊತ್ತು. ಕೆಲವು ವರ್ಷಗಳ ಹಿಂದೆ ನಮ್ಮ ಪಕ್ಕದ ತೋಟದ ಕಣದಿಂದ ರಾತ್ರೋರಾತ್ರಿ ಕರಿಮೆಣಸಿನ ಮೂಟೆಗಳು ಕಳುವಾದವು. ಬೆಳಿಗ್ಗೆ ಪೊಲೀಸ್ ನಾಯಿ ಬರುವ ಹೊತ್ತಿಗೆ ಲೈನ್ ಮನೆಯವರು, ಅಕ್ಕಪಕ್ಕದ ತೋಟದವರು, ನಾನೂ ಸೇರಿ ಕನಿಷ್ಠ ಮೂವತ್ತು ಜನ ಆ ಕಣದ ಮೇಲೆ ಓಡಾಡಿ ಆಗಿತ್ತು. ನಾಯಿ ಗೋದಾಮಿನ ಬಾಗಿಲಿನಿಂದ ಹೊರಟು ಕಣದ ನಡುವೆ ಎರಡು ಸುತ್ತು ಬಂದು ನಿಂತುಬಿಟ್ಟಿತು. ಅದನ್ನು ಕರೆತಂದವರು ಬೇಸರದಿಂದ ‘ತುಳಿದು ಎಲ್ಲ ಕೆಡಿಸಿದ್ದೀರಿ’ ಎಂದರು. ಏಳುನೂರು ವರ್ಷ ಹಿಂದಿನ ಇಂಗ್ಲಿಷ್ ಬೇಟೆಗಾರ ಅಲ್ಲಿ ನಿಂತಿದ್ದರೆ ಅದೇ ಮಾತಿಗೆ ಫಾಯಿಲ್ ಎಂಬ ಒಂದೇ ಪದವನ್ನು ಬಳಸುತ್ತಿದ್ದ. ತುಳಿಯುವುದು ಮತ್ತು ಕೆಡಿಸುವುದು ಎಂಬ ಎರಡು ಕ್ರಿಯೆಗಳು ಒಂದು ಪದದೊಳಗೆ ಹೇಗೆ ಕೂಡಿಕೊಂಡವು ಎಂಬುದು ನನಗೆ ನಿಘಂಟಿನ ಪುಟಗಳಿಗಿಂತ ಆ ಕಣದಲ್ಲಿಯೇ ಹೆಚ್ಚು ಸ್ಪಷ್ಟವಾಯಿತು.

ಅಲ್ಲಿಂದ ಮುಂದಿನ ಹೆಜ್ಜೆ ಕುಸ್ತಿಯ ಅಖಾಡದಲ್ಲಿ. 16ನೆಯ ಶತಮಾನದಲ್ಲಿ ಇಂಗ್ಲಿಷ್ ಕುಸ್ತಿಯಲ್ಲಿ, ಎದುರಾಳಿಯನ್ನು ಕೆಡವಿದರೂ ಅವನ ಬೆನ್ನು ಪೂರ್ತಿಯಾಗಿ ನೆಲಕ್ಕೆ ತಾಗದಿದ್ದರೆ ಅದನ್ನು ಫಾಯಿಲ್ ಎಂದು ಕರೆಯುತ್ತಿದ್ದರು. ನಮ್ಮ ಕುಸ್ತಿಯ ಮಾತಿನಲ್ಲಿ ಹೇಳುವುದಾದರೆ, ಚಿತ್ ಆಗದ ಪಟ್ಟು, ಅರೆಸೋಲು. ಆ ಶತಮಾನದ ನಡುವಿನ ಹೊತ್ತಿಗೆ ‘ಸೋಲಿಸು’ ಎಂಬ ಅರ್ಥವೂ, ಅದರ ಬೆನ್ನಿಗೇ ‘ಒಬ್ಬನ ಪ್ರಯತ್ನವನ್ನು ನಿಷ್ಫಲಗೊಳಿಸು’ ಎಂಬ ಅರ್ಥವೂ ನೆಲೆಗೊಂಡವು. ಬೇಟೆಯ ಹಾದಿಯಿಂದ ಒಂದು ಛಾಯೆ, ಅಖಾಡದಿಂದ ಇನ್ನೊಂದು ಛಾಯೆ ಸೇರಿ ಇಂದಿನ ಪದವಾಗಿದೆ. ಎರಡರಲ್ಲಿಯೂ ಸಮಾನವಾದ ಅಂಶವೆಂದರೆ, ಸೋತವನು ಪೂರ್ತಿ ನಾಶವಾಗುವುದಿಲ್ಲ. ಆ ಹೊತ್ತಿನ ಅವನ ಯತ್ನ ಮಾತ್ರ ಕೈತಪ್ಪುತ್ತದೆ.

ಕತ್ತಿವರಸೆಯ ಫಾಯಿಲ್ ಬಗ್ಗೆಯೂ ಒಂದು ಮಾತು. ಒಲಿಂಪಿಕ್ಸಿನ ಕತ್ತಿವರಸೆಯಲ್ಲಿ ಫಾಯಿಲ್, ಎಪೇ, ಸೇಬರ್ ಎಂಬ ಮೂರು ಬಗೆಯ ಆಯುಧಗಳಿವೆ. ಟೋಕಿಯೊದಲ್ಲಿ 2021ರಲ್ಲಿ ನಡೆದ ಒಲಿಂಪಿಕ್ಸಿನಲ್ಲಿ ಭಾರತದ ಮೊದಲ ಕತ್ತಿವರಸೆ ಪಟುವಾಗಿ ಕಣಕ್ಕಿಳಿದ ಭವಾನಿ ದೇವಿ ಹಿಡಿದದ್ದು ಸೇಬರನ್ನು. ಹಗುರವಾದ, ತುದಿ ಮೊಂಡಾದ ಅಭ್ಯಾಸದ ಕತ್ತಿಗೆ ಫಾಯಿಲ್ ಎಂಬ ಹೆಸರು 16ನೆಯ ಶತಮಾನದ ಕೊನೆಯಲ್ಲಿ ಬಂತು, ಆದರೆ ಅದು ಎಲೆಯ ಕಡೆಯದೋ ತುಳಿತದ ಕಡೆಯದೋ ಎಂಬುದರಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಫ್ರೆಂಚರು ಅದನ್ನು ‘ಪುಟ್ಟ ಹೂ’ ಎಂಬ ಅರ್ಥದ ಫ್ಲೂರೆ ಎಂದು ಕರೆಯುತ್ತಾರೆ, ತುದಿಗೆ ತೊಡಿಸಿದ ಗುಂಡಿ ಮೊಗ್ಗಿನಂತೆ ಕಾಣುವುದರಿಂದ. ಶೇಕ್ಸ್‌ಪಿಯರನ ಹ್ಯಾಮ್ಲೆಟ್, ಲೇರ್ಟಿಸನೊಡನೆ ಕತ್ತಿ ವರಸೆಗೆ ಇಳಿಯುವ ಮುನ್ನ ‘ನಾನು ನಿನಗೆ ಫಾಯಿಲ್ ಆಗುತ್ತೇನೆ’ ಎನ್ನುತ್ತಾನೆ. ಕಗ್ಗತ್ತಲಿನ ನಕ್ಷತ್ರದಂತೆ ನಿನ್ನ ಕೌಶಲ ನನ್ನ ಅರಿಯದ ಕೈಯ ಎದುರು ಹೊಳೆಯುತ್ತದೆ ಎಂಬುದು ಅವನ ವಿನಯದ ಭಾವ. ಆಡುತ್ತಿರುವುದು ಹರಳಿನ ಹಿಂದಿನ ತಗಡಿನ ಮಾತು, ಕೈಯಲ್ಲಿರುವುದು ಫಾಯಿಲ್ ಎಂಬ ಕತ್ತಿ. ಒಂದೇ ಸದ್ದಿನ ಎರಡು ಅರ್ಥಗಳು ಒಂದೇ ಕ್ಷಣದಲ್ಲಿ ಹೊಳೆಯುವಂತೆ ಮಾಡಿದ ಶ್ಲೇಷೆ ಅದು. ಶ್ಲೇಷೆ ಸಾಧ್ಯವಾದದ್ದು ಆ ಅರ್ಥಗಳು ಬೇರೆ ಬೇರೆಯಾಗಿದ್ದುದರಿಂದ ಎಂಬುದನ್ನು ಮರೆಯಬಾರದು.

ಒಂದೇ ರೂಪದಲ್ಲಿ ಎರಡು ಪದಗಳಿರುವುದಕ್ಕೂ, ಒಂದೇ ಪದಕ್ಕೆ ಎರಡು ಅರ್ಥಗಳಿರುವುದಕ್ಕೂ ಇರುವ ವ್ಯತ್ಯಾಸವನ್ನು ನಿಮ್ಮ ಮಗಳು ಕನ್ನಡದಿಂದಲೇ ಕಲಿಯಬಹುದು. ತಿಂಗಳು ಎಂದರೆ ಚಂದ್ರ, ತಿಂಗಳು ಎಂದರೆ ಮೂವತ್ತು ದಿನ. ಇದು ಒಂದೇ ಪದ, ಏಕೆಂದರೆ ಚಂದ್ರನ ಸುತ್ತನ್ನು ನೋಡಿಯೇ ಕಾಲವನ್ನು ಅಳೆದರು. ಹಾಳೆಯೂ ಅಷ್ಟೆ. ಆದರೆ ‘ಅರಿ’ ಎಂಬುದನ್ನು ತೆಗೆದುಕೊಳ್ಳಿ. ತಿಳಿ ಎಂಬ ಅರ್ಥದ ಅರಿ ಹಳಗನ್ನಡದಲ್ಲಿ ಶಕಟರೇಫದಿಂದ ‘ಅಱಿ’ ಎಂದಿತ್ತು. ಕತ್ತರಿಸು ಎಂಬ ಅರ್ಥದ ಅರಿ ಸಾಮಾನ್ಯ ರೇಫದ್ದು. ಅರಿಷಡ್ವರ್ಗದಲ್ಲಿರುವ, ಶತ್ರು ಎಂಬ ಅರ್ಥದ ಅರಿ ಸಂಸ್ಕೃತದಿಂದ ಬಂದದ್ದು. ಶಕಟರೇಫ ಬಳಕೆಯಿಂದ ಹೊರಟುಹೋದ ಮೇಲೆ ಮೂರೂ ಒಂದೇ ಬರವಣಿಗೆಯಲ್ಲಿ ಬೆರೆತವು. ‘ಶತ್ರುವನ್ನು ಕತ್ತರಿಸಲು ಮೊದಲು ಅವನನ್ನು ತಿಳಿಯಬೇಕು, ಆದ್ದರಿಂದ ಮೂರಕ್ಕೂ ಅರಿ ಎಂಬ ಹೆಸರು ಬಂತು’ ಎಂದು ಯಾರಾದರೂ ಹೇಳಿದರೆ ಕೇಳಲು ಚೆನ್ನಾಗಿರುತ್ತದೆ, ಆದರೆ ಅದು ಕಟ್ಟುಕಥೆ. ಮನೆಪಾಠದ ಮೇಷ್ಟ್ರ ವಿವರಣೆಯಲ್ಲಿ ಆಗಿರುವುದೂ ಇದೇ ತಪ್ಪು. ಕಪ್ಪು ಎಂಬ ಅರ್ಥದ ಕರಿಯೂ, ‘ಕರ’ ಅಂದರೆ ಸೊಂಡಿಲು ಉಳ್ಳದ್ದು ಎಂಬ ಸಂಸ್ಕೃತದಿಂದ ಬಂದ ಆನೆ ಎಂಬ ಅರ್ಥದ ಕರಿಯೂ ಹಾಗೆಯೇ. ಆನೆ ಕಪ್ಪಗಿದೆ ಎಂಬುದು ಇಲ್ಲಿ ಕಾಕತಾಳೀಯ.

ಸದ್ದೊಂದನ್ನೇ ನಂಬಿದರೆ ಪಕ್ಕದ ನುಡಿಯಲ್ಲಿಯೂ ಮೋಸಹೋಗುತ್ತೇವೆ. ಕನ್ನಡದಲ್ಲಿ ನರಿ ಎಂದರೆ ಊಳಿಡುವ ಸಣ್ಣ ಪ್ರಾಣಿ, ಕೊಡವ ತಕ್ಕಿನಲ್ಲಿ ನರಿ ಎಂದರೆ ಹುಲಿ. ಹುಲಿ ಹೊಡೆದವನನ್ನು ಮದುವಣಿಗನಂತೆ ಕೂರಿಸಿ ಗೌರವಿಸುತ್ತಿದ್ದ ‘ನರಿ ಮಂಗಲ’ ಎಂಬ ಹಳೆಯ ಆಚರಣೆಯ ಹೆಸರನ್ನು ಕನ್ನಡದ ಅರ್ಥದಲ್ಲಿ ಓದಿಕೊಂಡು ತಬ್ಬಿಬ್ಬಾದ ವಿದ್ಯಾರ್ಥಿಗಳನ್ನು ನನ್ನ ತರಗತಿಗಳಲ್ಲಿ ಕಂಡಿದ್ದೇನೆ. ಪದದ ಮೂಲ ಹುಡುಕುವವರು ರೂಪದ ಹೋಲಿಕೆಯಲ್ಲಿ ನಿಲ್ಲದೆ, ಆ ಪದ ಹಳೆಯ ಬರಹಗಳಲ್ಲಿ ಯಾವ ಕ್ರಮದಲ್ಲಿ, ಯಾರ ಬಾಯಲ್ಲಿ, ಯಾವ ಕೆಲಸದ ನಡುವೆ ಬಂದಿದೆ ಎಂದು ನೋಡುತ್ತಾರೆ. ಫಾಯಿಲ್ ಕ್ರಿಯಾಪದದ ಹಳೆಯ ಬಳಕೆಗಳಲ್ಲಿ ಸುತ್ತುವುದೂ ಇಲ್ಲ, ಮುಚ್ಚುವುದೂ ಇಲ್ಲ; ನೆಲ, ಹೆಜ್ಜೆ ಮತ್ತು ವಾಸನೆ ಇವೆ. ಸುತ್ತುವ ಅರ್ಥದಿಂದ ಕೆಡಿಸುವ ಅರ್ಥ ಹುಟ್ಟಿಲ್ಲ ಎಂಬುದಕ್ಕೆ ಇದೇ ಆಧಾರ.

ಥ್ವಾರ್ಟ್‌ಗೆ ಬರೋಣ. ಅದು ಫ್ರೆಂಚಿನದಲ್ಲ; ಉತ್ತರದ ಕಡಲಿಗರಾದ ನಾರ್ಸ್ ಜನರ ಭಾಷೆಯಿಂದ ಇಂಗ್ಲಿಷಿಗೆ ಬಂದದ್ದು, ಮತ್ತು ಅದರ ಮೂಲಾರ್ಥ ‘ಅಡ್ಡ’. ದೋಣಿಯ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಅಡ್ಡಲಾಗಿ ಹಾಕಿದ, ಹುಟ್ಟು ಹಾಕುವವರು ಕೂರುವ ಹಲಗೆಯನ್ನು ಇಂಗ್ಲಿಷಿನಲ್ಲಿ ಇಂದಿಗೂ ಥ್ವಾರ್ಟ್ ಎನ್ನುತ್ತಾರೆ. ಅಡ್ಡ ಎಂಬುದರಿಂದ ‘ಅಡ್ಡಿಪಡಿಸು’ ಎಂಬ ಅರ್ಥ ಬರುವುದನ್ನು ಕನ್ನಡಕ್ಕೆ ಯಾರೂ ಕಲಿಸಬೇಕಾಗಿಲ್ಲ: ಅಡ್ಡಿ, ಅಡ್ಡಗಾಲು, ಅಡ್ಡಗಟ್ಟು, ಅಡ್ಡಬರು, ಎಲ್ಲವೂ ಅದೇ ಚಿತ್ರದ ಮಾತುಗಳು. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಭಾಷೆಗಳು ಒಂದೇ ಚಿತ್ರದಿಂದ ಒಂದೇ ಅರ್ಥವನ್ನು ತೆಗೆದಿರುವುದನ್ನು ಕಂಡಾಗ ನನಗೆ ಪ್ರತಿಸಲವೂ ಸಂತೋಷವಾಗುತ್ತದೆ. ಹೊಲದಲ್ಲಿ ಉಳದೆ ಬಿಟ್ಟ ಏರಿಯಿಂದ, ಅಡ್ಡಿಪಡಿಸು ಎಂಬ ಅರ್ಥದ ‘ಬಾಕ್’ ಎಂಬ ಇನ್ನೊಂದು ಪದ ಬಂದಿದೆ. ಗಾಲ್ಫಿನಿಂದ ಬಂದ ‘ಸ್ಟೈಮಿ’ ಕೂಡ ಇದೇ ಗುಂಪಿನದು. ಕುಳಿಗೂ ನಮ್ಮ ಚೆಂಡಿಗೂ ನಡುವೆ ಎದುರಾಳಿಯ ಚೆಂಡು ಬಂದು ನಿಂತ ಸ್ಥಿತಿಗೆ ಆ ಹೆಸರು. 1952ರ ನಿಯಮಗಳಲ್ಲಿ ಅದನ್ನು ತೆಗೆದುಹಾಕಲಾಯಿತು, ಆದ್ದರಿಂದ ಮಡಿಕೇರಿಯಲ್ಲೋ ಬಿಟ್ಟಂಗಾಲದಲ್ಲೋ ಇಂದು ಆಡುವವರಿಗೆ ಆ ತೊಡಕು ಇಲ್ಲ, ಪದ ಮಾತ್ರ ಆಟದ ಹೊರಗೆ ಬದುಕಿದೆ.

ಈ ಮೂಲಗಳನ್ನು ತಿಳಿದರೆ ಬಳಕೆಯ ವ್ಯತ್ಯಾಸವೂ ತಿಳಿಯುತ್ತದೆ. ಥ್ವಾರ್ಟ್ ಎದುರು ನಿಂತು ಅಡ್ಡಿಯಾಗುವುದರ ಕಡೆಗೆ ವಾಲುತ್ತದೆ. ಒಬ್ಬರ ಆಸೆ, ಮಹತ್ವಾಕಾಂಕ್ಷೆ, ಬಹುಕಾಲದ ಬಯಕೆಗಳಿಗೂ ಅದು ಹೊಂದುತ್ತದೆ. ಫಾಯಿಲ್ ಸಾಮಾನ್ಯವಾಗಿ ಆಗಲೇ ಕೈಹಾಕಿದ ನಿರ್ದಿಷ್ಟ ಯತ್ನವೊಂದನ್ನು, ಹಲವು ವೇಳೆ ಜಾಣ್ಮೆಯಿಂದಲೋ ಎಚ್ಚರದಿಂದಲೋ ಕೆಡಿಸುವುದಕ್ಕೆ ಹೊಂದುತ್ತದೆ. ಕಾಫಿ ತೋಟಕ್ಕೆ ನುಗ್ಗುವ ಆನೆಯ ದಾರಿಯಲ್ಲಿ ಕಂದಕ ತೋಡಿದರೆ ಅದು ಥ್ವಾರ್ಟ್. ಆ ಆನೆ ಸೋಲಾರ್ ಬೇಲಿಯ ಮೇಲೆ ಒಣಮರವನ್ನು ಉರುಳಿಸಿ, ಮೈಗೆ ತಂತಿ ತಾಗದಂತೆ ಒಳಬಂದರೆ, ಬೇಲಿ ಹಾಕಿದವನ ಉಪಾಯವನ್ನು ಅದು ಫಾಯಿಲ್ ಮಾಡಿತು. ಈ ಗೆರೆ ಯಾವಾಗಲೂ ಖಚಿತವಲ್ಲ, ಪತ್ರಿಕೆಗಳಲ್ಲಿ ಒಂದರ ಜಾಗದಲ್ಲಿ ಇನ್ನೊಂದು ಬರುವುದುಂಟು. ಶೀರ್ಷಿಕೆಗಳಲ್ಲಿ ಫಾಯಿಲ್ ಹೆಚ್ಚು ಕಾಣುವುದಕ್ಕೆ ಸರಳ ಕಾರಣವೂ ಇದೆ: ಇಂಗ್ಲಿಷ್ ಲಿಪಿಯಲ್ಲಿ ಅದಕ್ಕೆ ನಾಲ್ಕೇ ಅಕ್ಷರ, ಥ್ವಾರ್ಟ್‌ಗೆ ಆರು, ಫ್ರಸ್ಟ್ರೇಟ್‌ಗೆ ಒಂಬತ್ತು.

ವಿದ್ಯಾರ್ಥಿಗಳು ಫಾಯಿಲನ್ನು ಫೇಲ್ ಜೊತೆ ಗೊಂದಲ ಮಾಡಿಕೊಳ್ಳುವುದನ್ನೂ ಹೇಳಬೇಕು. ಫೇಲ್ ಮೋಸಗೊಳಿಸು ಎಂಬ ಅರ್ಥದ ಬೇರೆಯೇ ಲ್ಯಾಟಿನ್ ಧಾತುವಿನದು. ಯತ್ನ ತಾನಾಗಿ ವಿಫಲವಾದರೆ ಫೇಲ್. ಇನ್ನೊಬ್ಬರೋ ಇನ್ನೊಂದೋ ಅದನ್ನು ವಿಫಲಗೊಳಿಸಿದರೆ ಫಾಯಿಲ್. ಕನ್ನಡಕ್ಕೆ ತರುವಾಗ ನಮ್ಮ ಪತ್ರಿಕೆಗಳು ಎಡವುವುದೂ ಇಲ್ಲಿಯೇ. ‘ಕಳ್ಳಬೇಟೆ ಯತ್ನ ವಿಫಲ’ ಎಂದು ಬರೆದಾಗ ರಾತ್ರಿಯಿಡೀ ಕಾಡಿನಲ್ಲಿ ಕಾದು ಕುಳಿತ ಸಿಬ್ಬಂದಿ ವಾಕ್ಯದಿಂದಲೇ ಮಾಯವಾಗುತ್ತಾರೆ. ಬೇಟೆಗಾರನ ಗುರಿ ತಪ್ಪಿದ್ದರೂ ಅದೇ ವಾಕ್ಯ ಸಲ್ಲುತ್ತದೆ. ‘ಸಂಚು ಬಯಲು’ ಎಂಬುದೂ ಸಾಲದು, ಏಕೆಂದರೆ ಬಯಲಾದ ಸಂಚು ನಡೆದೇ ಹೋಗಿರಬಹುದು. ‘ಮುಚ್ಚಿಹಾಕಿದರು’ ಎಂದು ಬರೆದರಂತೂ ಅರ್ಥ ತಿರುಗುಮುರುಗಾಗಿ, ಸಿಬ್ಬಂದಿಯೇ ಅಪರಾಧವನ್ನು ಅಡಗಿಸಿದಂತಾಗುತ್ತದೆ. ಮೇಷ್ಟ್ರ ವಿವರಣೆಯನ್ನು ನಂಬಿದವರು ಇಲ್ಲಿಗೇ ಬಂದು ತಲುಪಬಹುದು ಎಂಬ ಕಾರಣಕ್ಕೂ ಅದನ್ನು ತಿದ್ದಬೇಕು.

ಕನ್ನಡದಲ್ಲಿ ಇದಕ್ಕೆ ಒಂದೇ ಸಿದ್ಧ ಪದವನ್ನು ಹುಡುಕುವುದಕ್ಕಿಂತ ಸಂದರ್ಭವನ್ನು ನೋಡುವುದು ಮೇಲು. ವರದಿಯ ಭಾಷೆಯಲ್ಲಿ ‘ವಿಫಲಗೊಳಿಸಿದರು’ ನಿಖರವಾದದ್ದು, ಏಕೆಂದರೆ ಅದರಲ್ಲಿರುವ ‘ಇಸು’ ಪ್ರತ್ಯಯ ಮಾಡಿದವರನ್ನು ವಾಕ್ಯದೊಳಗೆ ಉಳಿಸುತ್ತದೆ. ಆಡುಮಾತಿಗೆ ಹತ್ತಿರವಾಗಿ ಬರೆಯುವಾಗ ‘ಕೈಗೂಡದಂತೆ ಮಾಡಿದರು’, ‘ಉಪಾಯ ಕೆಡಿಸಿದರು’ ಎನ್ನಬಹುದು. ‘ಕಲ್ಲು ಹಾಕಿದರು’ ಎಂಬ ನುಡಿಗಟ್ಟು ಬಲವಾದದ್ದೇ, ಆದರೆ ಅದರಲ್ಲಿ ಹೊಟ್ಟೆಕಿಚ್ಚಿನಿಂದ ಒಳ್ಳೆಯ ಕೆಲಸ ಕೆಡಿಸಿದ ಛಾಯೆ ಇರುವುದರಿಂದ ಅರಣ್ಯ ಸಿಬ್ಬಂದಿಗೆ ಅದನ್ನು ಬಳಸಲಾಗದು. ಇನ್ನು ಬೆನ್ನಟ್ಟಿದವರ ಕಣ್ಣು ತಪ್ಪಿಸಿ ಪಾರಾದ ಸಂದರ್ಭದಲ್ಲಿ ‘ಜಾಡು ತಪ್ಪಿಸಿದರು’ ಎಂಬುದಕ್ಕಿಂತ ಉತ್ತಮವಾದ ಅನುವಾದವಿಲ್ಲ. ಫಾಯಿಲ್ ತನ್ನ ಮೊದಲ ನೂರಾರು ವರ್ಷ ಹೇಳುತ್ತಿದ್ದುದನ್ನೇ ಅದು ಹೇಳುತ್ತದೆ. ನಿಮ್ಮ ಮಗಳು ಓದಿದ ಶೀರ್ಷಿಕೆಯನ್ನು ನಾನಾದರೆ ಹೀಗೆ ಬರೆಯುತ್ತಿದ್ದೆ: ‘ಕಳ್ಳಬೇಟೆ ಯತ್ನ ವಿಫಲಗೊಳಿಸಿದ ಅರಣ್ಯ ಸಿಬ್ಬಂದಿ’.